ಪಾಲಾದ ಪರದೆ

ಅಣ್ಣಯ್ಯನೂ ನಾನೂ ಬೇರೆಯಾದಾಗ ಎಲ್‌ಇಡಿ ಪರದೆಯನ್ನೂ ಪಾಲು ಮಾಡಿಕೊಂಡೆವು. ಮದುವೆ, ಶಾಲಾ ವಾರ್ಷಿಕೋತ್ಸವಗಳಿಗೆ ಬಾಡಿಗೆಗೆ ಕೊಡುತ್ತಿದ್ದ ದೊಡ್ಡ ಪರದೆ. ಅರ್ಧ ಪ್ಯಾನೆಲ್‌ಗಳು ಅವನ ಜೊತೆ ಕೊಕ್ಕರ್ಣೆಗೆ ಹೋದವು, ಇನ್ನರ್ಧ ನನ್ನ ಜೊತೆ ಬೈಂದೂರಿನಲ್ಲಿ ಉಳಿದವು. ಮೂರು ವರ್ಷ ಮಾತಿಲ್ಲ, ಕತೆಯಿಲ್ಲ. ತಪ್ಪು ಯಾರದೆಂದು ಈಗ ಕೇಳಿದರೂ ಅವನದೇ ಅನ್ನುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ ಅಷ್ಟೆ.

ಅಕ್ಕನ ಮಗಳ ಮದುವೆ ಕೋಟೇಶ್ವರದ ಹಾಲ್‌ನಲ್ಲಿ ನಿಶ್ಚಯವಾದಾಗ ಅಕ್ಕ ಇಬ್ಬರಿಗೂ ಫೋನ್ ಮಾಡಿ ಒಂದೇ ಮಾತು ಹೇಳಿದಳು. "ಇಬ್ರ್ ಪರ್ದೆಯೂ ಸೇರಿ ಒಂದೇ ಆಯ್ಕ್. ಬೇರೆ ಬೇರೆ ಇಡುದಾದ್ರೆ ಇಬ್ರೂ ಬಪ್ಪುದ್ ಬ್ಯಾಡ."

ರಿಸೆಪ್ಷನ್ ದಿನ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿ, ಪರದೆ ತುಂಬ ಬಿಳಿ ಬಣ್ಣ ಬಿಟ್ಟೆ. ಅಯ್ಯೋ ದೇವರೇ! ಎಡಗಡೆ ನನ್ನದು ಹಾಲಿನ ಬಿಳುಪು, ಬಲಗಡೆ ಅವನದು ಹಳೇ ಪಂಚೆಯ ಹಳದಿ, ನಡುವೆ ನೆಟ್ಟಗೆ ಒಂದು ಕಪ್ಪು ಗೆರೆ. ಅವನ ಪ್ಯಾನೆಲ್‌ಗಳು ಬಿಡುವಿಲ್ಲದೆ ದುಡಿದು ಮಂಕಾಗಿದ್ದವು; ನನ್ನವು ಹೆಚ್ಚಿನ ದಿನ ಶೆಡ್ಡಿನಲ್ಲೇ ಮಲಗಿದ್ದವು. ಅಕ್ಕ ಬಂದು ನೋಡಿ, ಹಾಗೇ ತಿರುಗಿ ಅಡುಗೆ ಕಡೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಅಣ್ಣಯ್ಯ ಪರದೆಯ ಹತ್ತಿರ ಹೋದ. ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದವನಿಗೆ, ಒಂದು ಕಡೆಯ ಪ್ಯಾನೆಲ್ ಕೂದಲೆಳೆಯಷ್ಟು ಒಳಗೆ ಕೂತದ್ದು ಗೊತ್ತಾಯಿತು. ಉಳಿದಿದ್ದ ಲಗ್ನಪತ್ರಿಕೆಯೊಂದನ್ನು ಸಪೂರವಾಗಿ ಕತ್ತರಿಸಿ ಹಿಂದಿನಿಂದ ತುರುಕಿ, ಲಾಕ್ ಬಿಗಿದ. ಕಪ್ಪು ಗೆರೆ ಮಾಯ! ಸಿಟ್ಟಿದ್ದರೇನು, ಆ ಕೈಗೆ ಮನಸ್ಸಿನಲ್ಲೇ ಕೈಮುಗಿದೆ.

ಬಣ್ಣದ ಪಾಡು ನನ್ನದು. ಲ್ಯಾಪ್‌ಟಾಪಿನಲ್ಲಿ ಅವನ ಪ್ಯಾನೆಲ್‌ಗಳ ಬೆಳಕು ಏರಿಸಲು ಒದ್ದಾಡುತ್ತಿದ್ದೆ.

"ಅದ್ ಇನ್ನ್ ಏರುದಿಲ್ಲ. ನಿಂದ್ ಇಳ್ಸ್," ಅಂದ. ಮೂರು ವರ್ಷಗಳಲ್ಲಿ ಅವನ ಮೊದಲ ಮಾತು.

"ನಂದ್ ಎಂತಕ್ ಇಳ್ಸುದ್? ನಂದ್ ಲಾಯ್ಕಿತ್ತಲೆ!"

"ಲಾಯ್ಕಿತ್ತ್. ಅದ್ಕೇ ಹೇಳ್ದ್. ಇಳುಕೆ ಆಪುದ್ ಅದಕ್ ಮಾತ್ರ."

ಚೆನ್ನಾಗಿರುವುದಕ್ಕೆ ಮಾತ್ರ ಇಳಿಯಲು ಆಗುವುದಂತೆ! ನನಗೆ ಪಿತ್ತ ನೆತ್ತಿಗೇರಿತು. ಆದರೆ ಅಡುಗೆ ಕಡೆಯಿಂದ ಅಕ್ಕನ ದನಿ ಕೇಳಿಸುತ್ತಿತ್ತು. ಇಳಿಸಿದೆ.

ಅವನು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ತೆರೆದು, ಅಲ್ಲಿಂದಲೇ ಹೇಳುತ್ತ ಹೋದ. "ಹಸ್ರ್ ಒಂಚೂರ್ ಕಮ್ಮಿ." "ಮೇಲಿಂದ ಎರಡ್ನೇದ್ ಕಾಣ್, ಕೆಂಪ್ ಜಾಸ್ತಿ." ಬಿಳಿ ಸರಿಯಾದ ಮೇಲೆ ಬೂದು ಹಾಕಿಸಿದ, ಆಮೇಲೆ ಮದುಮಗಳ ಫೋಟೊ. ಮೋರೆಯ ಬಣ್ಣ ಎರಡೂ ಕಡೆ ಒಂದೇ ಆಗುವವರೆಗೆ ಬಿಡಲಿಲ್ಲ. ಎಂಥ ಕಣ್ಣು ಮಾರಾಯರೆ ಅದು! ನನಗೆ ಕಾಣದ ಛಾಯೆ ಅವನಿಗೆ ಅಷ್ಟು ದೂರದಿಂದ ಕಾಣುತ್ತಿತ್ತು.

ಸಂಜೆ ಮದುಮಗಳ ಮುಖ ಪರದೆಯ ನಟ್ಟನಡುವೆ ತುಂಬಿಕೊಂಡಿತು. ಅಕ್ಕ ನನ್ನ ಪಕ್ಕ ಬಂದು ನಿಂತು, "ನಿಂದ್ ಎಲ್ಲಿವರೆಗ್, ಅವಂದ್ ಎಲ್ಲಿಂದ?" ಅಂತ ಕೇಳಿದಳು. ಬೆರಳೆತ್ತಿದೆ, ತೋರಿಸಲಾಗಲಿಲ್ಲ. ಅವಳ ಕಣ್ಣು ತುಂಬಿತು, ನನ್ನದೂ.

ಮರುದಿನ ಬೆಳಿಗ್ಗೆ ಬಿಚ್ಚುವಾಗ ಅಣ್ಣಯ್ಯ, "ನಿಂದ್ ವಾಪಾಸ್ ಏರ್ಸ್ಕೊ ಮಾರಾಯ," ಅಂದ.

"ಏರ್ಸುದಿಲ್ಲ. ನಂದೂ ನಿನ್ ಗಾಡಿಗೇ ಹಾಕ್ ಅಣ್ಣಯ್ಯ. ನಮ್ಮಲ್ಲ್ ಕಡ್ಲ್ ಬದಿ ಉಪ್ಪುಗಾಳಿ, ತುಕ್ಕ್ ಹಿಡಿತ್ತ್."

"ಮೂರ್ ವರ್ಷ ಗಾಳಿ ಇರ್ಲಿಲ್ಯಾ?" ಅಂದ. ಉತ್ತರಕ್ಕೆ ಕಾಯದೆ ಸ್ಟೆಪ್ನಿ ಟಯರನ್ನು ಎತ್ತಿ ಮುಂದಿನ ಸೀಟಿಗೆ ಹಾಕಿ, ಹಿಂದೆ ಜಾಗ ಮಾಡಿದ.