ಬೇಡ ಅಂದವನ ಭವನ

ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ನಾನು. ಚಾಮರಾಜಪೇಟೆಯಲ್ಲಿ ಇದನ್ನು ಹೇಳಿದರೆ ಜನ ಇವತ್ತಿಗೂ, "ಅದು ಸರಿ, ಕೆಲಸ ಏನು ಮಾಡ್ತಿದ್ರಿ?" ಎನ್ನುತ್ತಾರೆ. ಕೋಲ್ಕತ್ತ, ಗೋವಾ, ಶಿಲ್ಲಾಂಗ್, ಕೋಯಿಕ್ಕೋಡ್, ಲುಧಿಯಾನ, ಮತ್ತೆ ಗೋವಾ. ಸಂಬಳ ಕೊಟ್ಟವರ ಬಣ್ಣದ ಅಂಗಿ ತೊಟ್ಟು ಊರೂರು ಸುತ್ತಿದೆ. ನಮ್ಮ ಬೀದಿಯಲ್ಲಿ ಮರ್ಯಾದಸ್ಥರು ಸೇರಿದ ಆಫೀಸಿನಲ್ಲೇ ರಿಟೈರ್ ಆಗುತ್ತಾರೆ. ಇಷ್ಟೊಂದು ಕಡೆ ಬದಲಾಯಿಸಿದವನನ್ನು ಎಲ್ಲ ಕಡೆಯಿಂದಲೂ ಓಡಿಸಿರಬೇಕು ಎಂದೇ ಅವರ ನಂಬಿಕೆ. ನನ್ನ ಸೋದರಮಾವನಂತೂ ಪ್ರತಿ ಹಬ್ಬಕ್ಕೂ, "ಒಂದು ಕಡೆಯಾದ್ರೂ ನೆಟ್ಟಗೆ ನಿಲ್ಲಬಾರ್ದೇನೋ?" ಎಂದು ಕೇಳಿದ ಮೇಲೆಯೇ ಎಲೆಗೆ ಕೈ ಹಾಕುತ್ತಿದ್ದರು.

ಇವರ ಇನ್ನೊಂದು ಪ್ರಶ್ನೆ, "ಎಷ್ಟು ಗೋಲ್ ಹೊಡ್ದಿದೀಯ?" ಅಯ್ಯೋ, ನಾನು ಮಿಡ್‌ಫೀಲ್ಡರ್ ಸ್ವಾಮಿ! ಮದುವೆ ಮನೆಯಲ್ಲಿ ಅಡುಗೆಮನೆಯಿಂದ ಪಂಕ್ತಿಯವರೆಗೆ ಪಾತ್ರೆ ಹೊತ್ತು ತರುವವನ ಕೆಲಸ ನನ್ನದು. ಬಡಿಸಿ ಹೊಗಳಿಸಿಕೊಳ್ಳುವವನು ಬೇರೆ, ಫೋಟೋದಲ್ಲಿ ಬರುವವನೂ ಅವನೇ. ಇದನ್ನೆಲ್ಲ ವಿವರಿಸಿದರೆ ಮಾವ, "ಅಂದ್ರೆ ಜಾಸ್ತಿ ಹೊಡ್ದಿಲ್ಲ ಅನ್ನು" ಎಂದು ಮುಗಿಸುತ್ತಿದ್ದರು.

ಅಷ್ಟು ವರ್ಷ ಹೊರಗಿದ್ದುದರಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಶಿಲ್ಲಾಂಗಿನ ಮೆಸ್ಸಿನಲ್ಲಿ ಬೇಡ ಎಂದರೆ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಹಾಗಲ್ಲ. ಮೊದಲ ಬೇಡ ಬರೀ ಉಪಚಾರ, ಎರಡನೆಯದು ಸಂಕೋಚ. ಮೂರನೆಯ ಸಲ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬಾಗಿದರೆ ಕೈಮೇಲೆಯೇ ಸುರಿಯುತ್ತಾರೆ. ನಮ್ಮಮ್ಮ ಸಾರಿನ ಸೌಟು ಹಿಡಿದು, "ಬೇಡ ಅಂದ್ರೆ ಸ್ವಲ್ಪ ತಾನೇ?" ಎನ್ನುವವಳು. ನಾನು ಇದನ್ನು ಮರೆತಿದ್ದೆ.

ಮಂಡಿ ಕೈಕೊಟ್ಟ ಮೇಲೆ ಊರಿಗೆ ಬಂದೆ. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಮೈದಾನವಿತ್ತು. ಮೈದಾನವೆಂದರೆ ಹುಲ್ಲಿಲ್ಲ, ಬರೀ ಕೆಂಪು ಮಣ್ಣು. ಒಂದು ಮೂಲೆಯಲ್ಲಿ ಯಾರದೋ ಟೆಂಪೋ, ಇನ್ನೊಂದು ಮೂಲೆಯಲ್ಲಿ ಯಾರದೋ ಜಲ್ಲಿ. ಅಲ್ಲಿ ಬೆಳಗಿನ ಹೊತ್ತು ಸುತ್ತಮುತ್ತಲಿನ ಹುಡುಗಿಯರಿಗೆ ಆಟ ಹೇಳಿಕೊಡತೊಡಗಿದೆ. ಅವರಲ್ಲಿ ಆಟೋ ಓಡಿಸುವವರ ಮಗಳೊಬ್ಬಳು, ಕಡ್ಡಿಯಂಥವಳು, ಆಗಷ್ಟೇ ಪಿಯುಸಿಗೆ ಸೇರಿದ್ದಳು. ಚೆಂಡು ಕಾಲಿಗೆ ಬರುವ ಮೊದಲೇ ಕತ್ತು ತಿರುಗಿಸಿ ಯಾರು ಎಲ್ಲಿದ್ದಾರೆಂದು ನೋಡಿಕೊಂಡುಬಿಡುತ್ತಿದ್ದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ನಾನು ಅದನ್ನು ಕೋಲ್ಕತ್ತದಲ್ಲಿ ಬೈಸಿಕೊಂಡು ಬೈಸಿಕೊಂಡು ಕಲಿತವನು. ಇವಳು ನನಗಿಂತ ದೂರ ಹೋಗುತ್ತಾಳೆ ಎಂದು ನನಗೆ ಖಂಡಿತ ಅನಿಸಿತ್ತು. ಅದಕ್ಕೆ ಬೇಕಾಗಿದ್ದುದು ಆ ಮೈದಾನ, ಸುತ್ತ ಒಂದು ಬೇಲಿ. ಅಷ್ಟೇ.

ಅಷ್ಟರಲ್ಲಿ ನವೆಂಬರ್ ಬಂತು. ನಮ್ಮ ಕಡೆ ನವೆಂಬರಿನಲ್ಲಿ ಸನ್ಮಾನದಿಂದ ತಪ್ಪಿಸಿಕೊಳ್ಳಬೇಕಾದರೆ ಊರು ಬಿಡಬೇಕು. ಬೀದಿಯ ಗೆಳೆಯರ ಬಳಗದವರು ಮನೆಗೆ ಬಂದು, "ಗುರು, ಈ ಸಲ ನಿನಗೆ" ಎಂದರು. ಮುಖ್ಯ ಅತಿಥಿಯಾಗಿ ದೊಡ್ಡ ಜನಪ್ರತಿನಿಧಿಯೊಬ್ಬರು ಬರುತ್ತಾರೆಂದು ತಿಳಿದು ಒಪ್ಪಿಕೊಂಡೆ. ಮೈಕಿನಲ್ಲಿ ನಾಲ್ಕು ಮಾತು ಆಡಿ ಬೇಲಿ ಕೇಳುವುದೆಂದು ನನ್ನ ಲೆಕ್ಕಾಚಾರ.

ಬೀದಿಯ ಬಾಯಲ್ಲಿ ಫ್ಲೆಕ್ಸ್ ಎದ್ದಿತು. ನನ್ನ ತಲೆಯನ್ನು ಯಾವುದೋ ಕ್ರಿಕೆಟಿಗನ ಮೈಗೆ ಅಂಟಿಸಿದ್ದರು, ಕೈಯಲ್ಲಿ ಬ್ಯಾಟು. ಇದೇನಪ್ಪಾ ಎಂದರೆ, "ಸ್ಪೋರ್ಟ್ಸ್ ತಾನೇ ಮಗಾ, ಅಡ್ಜಸ್ಟ್ ಮಾಡ್ಕೊ" ಎಂದರು. ಮಾಡಿಕೊಂಡೆ.

ವೇದಿಕೆಯ ಮೇಲೆ ಸನ್ಮಾನಿತರು ಒಂದು ಸಾಲು, ಮೈಸೂರು ಪೇಟ ಒಂದೇ. ಒಬ್ಬರ ಫೋಟೋ ಆದ ಕೂಡಲೇ ಅದನ್ನು ಕಿತ್ತು ಪಕ್ಕದವರ ತಲೆಗೆ ಏರಿಸುತ್ತಿದ್ದರು. ಸಾಲಿನಲ್ಲಿ ಕೊನೆಯವನು ನಾನು, ನನಗಿಂತ ಮೊದಲು ಒಬ್ಬ ನಾಟಿ ವೈದ್ಯರು ತೊಟ್ಟಿದ್ದರು. ಅವರ ತೈಲದ ವಾಸನೆ ಸಮೇತ ಅದು ನನ್ನ ಹುಬ್ಬು ದಾಟಿ ಕಣ್ಣಿನವರೆಗೆ ಇಳಿಯಿತು. ಕಣ್ಣು ಕಾಣದಿದ್ದರೂ ಮುಂದಿನ ಸಾಲಿನಲ್ಲಿ ನನ್ನ ಹುಡುಗಿಯರು ಶಿಳ್ಳೆ ಹೊಡೆಯುವುದು ಕೇಳಿಸಿತು. ಏಕೆ ಸುಳ್ಳು ಹೇಳಲಿ, ಖುಷಿಯಾಯಿತು.

ನಾನೇ ಕೇಳುವ ಬದಲು ಮೈದಾನದ ವಿಷಯವನ್ನು ಮುಖ್ಯ ಅತಿಥಿಗಳ ಕಿವಿಗೆ ಮೊದಲೇ ಹಾಕಿದ್ದೆ. "ಆ ಮೈದಾನಕ್ಕೆ ಏನಾದ್ರೂ ಮಾಡ್ಬೇಕು ಸಾರ್, ನಿಮ್ಮ ಬಾಯಲ್ಲಿ ಬಂದ್ರೆ ತೂಕ ಜಾಸ್ತಿ" ಎಂದಿದ್ದೆ. ಚೆಂಡು ಸಿಕ್ಕರೆ ಮುಂದಿನವನಿಗೆ ಕೊಡುವುದು ನನ್ನ ಜನ್ಮಕ್ಕಂಟಿದ ಚಟ. ಅವರು ಗಂಟಲು ಸರಿಮಾಡಿಕೊಂಡು ಮೈಕ್ ಹಿಡಿದರು.

"ಈ ಮಹಾನ್ ಕ್ರೀಡಾಪಟು ಆಡಿ ಬೆಳೆದ ಅದೇ ಮೈದಾನದಲ್ಲಿ, ಇವರದೇ ಹೆಸರಿನಲ್ಲಿ, ಒಂದು ಸಮುದಾಯ ಭವನ ಕಟ್ಟಿಸ್ತೀನಿ!"

ಚಪ್ಪಾಳೆಗೆ ಶಾಮಿಯಾನ ಅಲ್ಲಾಡಿತು. ನಾನು ಪೇಟ ಮೇಲೆತ್ತಿ ಮೈಕಿಗೆ ನುಗ್ಗಿದೆ. "ಸಾರ್, ಭವನ ಬೇಡ. ಮೈದಾನ ಇದ್ದ ಹಾಗೇ ಇರ್ಲಿ, ಸಾಕು."

ಅವರು ಸಭೆಯತ್ತ ತಿರುಗಿದರು. "ನೋಡಿದ್ರಾ? ಎಂಥಾ ವಿನಯ!" ಮತ್ತೆ ಚಪ್ಪಾಳೆ.

"ವಿನಯ ಅಲ್ಲ ಸಾರ್. ನಿಜವಾಗ್ಲೂ ಬೇಡ."

ನಿರೂಪಕ ತನ್ನ ಮೈಕಿನಲ್ಲಿ, "ಇದಕ್ಕೇ ಸ್ವಾಮಿ ಸಂಸ್ಕಾರ ಅನ್ನೋದು!" ಎಂದ. ಯಾರೋ ಓಡಿ ಬಂದು ಇನ್ನೊಂದು ಹಾರ ಹಾಕಿದರು.

ನನಗೆ ತಲೆ ಕೆಟ್ಟುಹೋಯಿತು. "ಬೇಡ್ವೇ ಬೇಡ ಅಂತಿದೀನಲ್ರೀ! ಅಲ್ಲಿ ಕಟ್ಟಿಬಿಟ್ರೆ ಈ ಮಕ್ಳು ಎಲ್ಲಿ ಆಡ್ಬೇಕು?" ಎಂದು ಕಿರುಚಿದೆ. ಅತಿಥಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಮಗೆ ಅಂತ ಏನೂ ಕೇಳ್ತಿಲ್ಲ, ಮಕ್ಕಳಿಗೋಸ್ಕರ ಕೇಳ್ತಿದಾರೆ. ಇಂಥವರಿಗೆ ಒಂದು ಮಹಡಿ ಸಾಲದು. ಎರಡು ಮಹಡಿ ಕಟ್ಟಿಸ್ತೀನಿ! ಮೇಲೆ ಮಕ್ಕಳಿಗೆ ಕೇರಂ ರೂಮು!" ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು ನನ್ನ ಸೋದರಮಾವ. ಕೆಳಗಿಳಿದಾಗ ಭುಜ ಹಿಡಿದು, "ಕೊನೆಗೂ ಒಂದು ಕಡೆ ನೆಟ್ಟಗೆ ನಿಂತ್ಯಲ್ಲೋ" ಎಂದರು. ಅವರ ದನಿ ನಡುಗುತ್ತಿತ್ತು.

ಆಮೇಲೆ ಅಲೆದ ಆಫೀಸುಗಳೆಷ್ಟೋ. ಎಲ್ಲೂ ಅವಮಾನ ಮಾಡಲಿಲ್ಲ, ಅದೇ ಕಷ್ಟ. ಕೂರಿಸಿ ಕಾಫಿ ಕೊಟ್ಟು, "ನಿಮ್ಮ ಹೆಸರಲ್ಲೇ ಅಲ್ವಾ ಸಾರ್ ಬರ್ತಿರೋದು, ದೊಡ್ಡೋರು ನೀವು" ಎಂದು ಕಳಿಸುತ್ತಿದ್ದರು. ಒಂದು ದಿನ ಜೆಸಿಬಿ ಬಂತು. ಟೆಂಪೋದವನಿಗೆ ಪಕ್ಕದ ರಸ್ತೆಯಲ್ಲಿ ಜಾಗ ಸಿಕ್ಕಿತು, ನಮಗೆ ಸಿಗಲಿಲ್ಲ. ಸ್ವಲ್ಪ ದಿನ ಹನುಮಂತನಗರದ ಒಂದು ಪಾರ್ಕಿನಲ್ಲಿ ಆಡಿಸಿದೆ. ವಾಕಿಂಗಿನವರಿಗೆ ಚೆಂಡು ತಗಲುತ್ತದೆಂದು ಅಲ್ಲಿಂದಲೂ ಎಬ್ಬಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ನಿಂತುಹೋದರು. ಆಟೋದವರ ಮಗಳು ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗಿಗೆ ಸೇರಿದಳು ಎಂದು ಕೇಳಿದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಭವನ ಚೆನ್ನಾಗಿಯೇ ಇದೆ. ನೆತ್ತಿಯ ಮೇಲೆ ನನ್ನ ಹೆಸರು, ಸಂಜೆಯಾದರೆ ಮಿಣಮಿಣ ದೀಪ. ಕೇರಂ ರೂಮು ಈಗ ವರನ ಕೋಣೆ.

ಹೋದ ತಿಂಗಳು ಆ ಆಟೋದವರ ಮಗಳ ಮದುವೆ ಅಲ್ಲೇ ನಡೆಯಿತು. ಮಂಟಪ ಹಾಕಿದ್ದುದು ನಾವು ಸುಣ್ಣದಲ್ಲಿ ನಡುವಿನ ವೃತ್ತ ಎಳೆಯುತ್ತಿದ್ದ ಕಡೆ. ನಾನು ಜನರ ನಡುವೆ ನುಸುಳಿ ಹತ್ತಿರ ಹೋಗುವ ಮೊದಲೇ ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿಬಿಟ್ಟಿದ್ದಳು. ಅದೊಂದು ಮಾತ್ರ ಹಾಗೇ ಉಳಿದಿತ್ತು.

"ಸಾರ್, ಇಲ್ಲೇ ಅಲ್ವಾ ನಾವು ಆಟ ಶುರು ಮಾಡ್ತಿದ್ದಿದ್ದು?" ಎಂದು ಕಾಲಿನಿಂದ ಕಾರ್ಪೆಟ್ಟನ್ನು ಮೆಲ್ಲಗೆ ಒತ್ತಿ ತೋರಿಸಿದಳು. ಹೂಂ ಎಂದೆ. ಅಕ್ಷತೆ ಹಾಕಿ ಹೊರಟವನನ್ನು ಅವಳ ತಂದೆ ತಡೆದು, ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿದರು.

ಹೋಳಿಗೆ ಬಂತು. ಬೇಡಪ್ಪಾ ಎಂದೆ. ಬಡಿಸುವವನು ಬಗ್ಗಿಯೇ ನಿಂತಿದ್ದ. ಎಲೆಗೆ ಎರಡೂ ಕೈ ಅಡ್ಡ ಹಿಡಿದು, ದಮ್ಮಯ್ಯ ಬೇಡ ಎಂದೆ. ಅವನು ನಕ್ಕು, ನನ್ನ ಕೈ ಸರಿಸಿ, ಎರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದ.

"ಸಂಕೋಚ ಮಾಡ್ಕೋಬೇಡಿ ಸಾರ್. ನಿಮ್ದೇ ಭವನ."