ಎಲ್ಲರ ಪಾಲಿನ ಸಿಸ್ಟರ್

ಆಪರೇಷನ್ ಮುಗಿದವರು ಕಣ್ಣು ಬಿಡುವ ಕೋಣೆಗೆ ಈ ಸಿಸ್ಟರೇ ಯಜಮಾನಿ. ಮತ್ತಿನ ಔಷಧಿ ಇಳಿಯುವಾಗ ಹಲ್ಲು ಕಟಕಟಿಸಿ, ಮಂಚವೇ ಅಲ್ಲಾಡುವಂತೆ ನಡುಗುವವರಿಗೆ ಮೊದಲು ಆಕ್ಸಿಜನ್, ಆಮೇಲೆ ಬಿಸಿಗಾಳಿ ತುಂಬುವ ಹೊದಿಕೆ, ಅದಕ್ಕೂ ಜಗ್ಗದಿದ್ದರೆ ಡಾಕ್ಟರನ್ನು ಕೇಳಿ ಇಂಜೆಕ್ಷನ್. ಅಷ್ಟರಲ್ಲಿ ರೋಗಿಗಳು ಅವಳನ್ನು ಯಾರು ಯಾರೋ ಅಂದುಕೊಂಡುಬಿಡುತ್ತಾರೆ. ಅವಳೂ ಯಾರಿಗೂ ಇಲ್ಲ ಅನ್ನುವವಳಲ್ಲ. "ಅತ್ತೇ, ಬಾಗಿಲು ಹಾಕಿ" ಎಂದರೆ "ಹಾಕ್ದೆ ಕಣಮ್ಮ" ಅನ್ನುತ್ತಾಳೆ. "ಟೀಚರ್, ಲೆಕ್ಕ ಬರ್ತಿಲ್ಲ" ಎಂದು ಬೋಳುತಲೆಯ ಹಿರಿಯರು ಅತ್ತರೆ "ನಾಳೆ ಮಾಡುವೆಯಂತೆ, ಮಲಕ್ಕೋ" ಅನ್ನುತ್ತಾಳೆ. ಒಬ್ಬನಿಗಂತೂ ಬಸ್ ಕಂಡಕ್ಟರಾಗಿ ಅವನ ಸ್ಟಾಪು ಬಂತೆಂದು ಕೂಗಿದ್ದೂ ಉಂಟು. ಈಗೀಗ ಬೀದಿಯಲ್ಲಿ ಯಾರು ಯಾರನ್ನು ಕರೆದರೂ ತಿರುಗಿ ನೋಡುತ್ತಾಳೆ. ಮೊನ್ನೆ ಪಿತ್ತಕೋಶದ ಆಪರೇಷನ್ ಆಗಿ ಬಂದವಳು ಅವಳ ಒಡಹುಟ್ಟಿದ ಅಕ್ಕ. ಗಡಗಡ ನಡುಗುತ್ತಾ, ತಂಗಿಯ ಮುಖವನ್ನೇ ದಿಟ್ಟಿಸಿ, "ನೀವ್ಯಾರು?" ಎಂದಳು. "ಇಲ್ಲಿನ ನರ್ಸು" ಎಂದಳು ಸಿಸ್ಟರ್. "ಹಾಗಾದ್ರೆ ನನ್ನ ತಂಗೀನ ಕರೀರಿ. ನಂಗೆ ಹೊದಿಸೋದು ಅವಳಿಗೇ ಗೊತ್ತು" ಎಂದಳು ಅಕ್ಕ. ಬಿಸಿ ಹೊದಿಕೆಯನ್ನು ಕೈಯಲ್ಲಿ ಹಿಡಿದ ತಂಗಿ, ಹೊದಿಸಬೇಕೋ ಕರೆಯಲು ಹೋಗಬೇಕೋ ತಿಳಿಯದೆ, ಒಂದು ಗಳಿಗೆ ಬಾಗಿಲ ಕಡೆ ನೋಡಿದಳು.