ಹಿಟ್ಟಿನ ಮಿಷನ್ನಿನ ಗೋಡೆ

ಡೆಂಕಣಿಕೋಟೆಯಲ್ಲಿ ಬಸ್ಸು ನಿಲ್ಲುವ ಕಡೆ ನಮ್ಮದೊಂದು ಹಿಟ್ಟಿನ ಮಿಷನ್ ಇತ್ತು. ಅಣ್ಣ ನಡೆಸುತ್ತಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಬೀಗ ಹಾಕಿ ಅಂಚೆಟ್ಟಿಗೆ, ತವರಿಗೆ ಹೋದರು. ನಾನು ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು. ಕಟ್ಟಡ ಈಗ ನನ್ನ ಮತ್ತು ಅತ್ತಿಗೆಯ ಹೆಸರಿನಲ್ಲಿತ್ತು, ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಹೆಂಚು ಜಾರಿ, ನೀರಿಳಿದು, ರಸ್ತೆ ಕಡೆಯ ಮಣ್ಣಿನ ಗೋಡೆ ಉಬ್ಬಿಕೊಂಡಿತು. ಅದರ ಪಕ್ಕದಲ್ಲೇ ಬೋಂಡ ಕರಿಯುವ ಹೆಂಗಸು ಫೋನ್ ಮಾಡಿದಳು.

"ಅಣ್ಣಾ, ಒಂದ್ಸಲ ಬಂದು ನೋಡ್ಕೊಂಡ್ ಹೋಗು. ಇಲ್ಲಿ ಜನ ಕೂತ್ಕೋತಾರೆ."

ಅಷ್ಟರಲ್ಲಿ ಪಂಚಾಯಿತಿಯ ನೋಟಿಸೂ ಬಂತು. ರಿಪೇರಿ ಮಾಡಿ, ಇಲ್ಲವೇ ಕೆಡವಿ. ಆಫೀಸಿಗೆ ಹೋಗಿ, "ಅಲ್ಲಿ ಯಾರೂ ಇಲ್ಲ ಸಾರ್, ಖಾಲಿ ಬಿದ್ದೈತೆ" ಎಂದೆ.

ಅಧಿಕಾರಿ ತಲೆಯೆತ್ತಲಿಲ್ಲ. "ಖಾಲಿ ಇದ್ರೇನು? ಓನರ್ ನೀವು ತಾನೆ? ಯಾರ್ ಮೇಲಾದ್ರೂ ಬಿದ್ರೆ ಕೇಸು ನಿಮ್ ಮೇಲೇ. ಕೆಡವೋದಾದ್ರೆ ಇಬ್ರು ಓನರೂ ಸೈನ್ ಹಾಕಿ ಕೊಡಿ."

ಆ ಗೋಡೆ ರಿಪೇರಿ ಮಾಡುವ ಸ್ಥಿತಿಯಲ್ಲಿರಲಿಲ್ಲ, ಕೆಡವಲೇಬೇಕಿತ್ತು. ವಾರದ ರಜೆಯೆಲ್ಲ ಅಂಚೆಟ್ಟಿಯ ಬಸ್ಸಿಗೇ ಹೋಯಿತು. ಅತ್ತಿಗೆಯದು ಒಂದೇ ಮಾತು. "ಕೆಡವಾಕೆ ನಾನು ಸೈನ್ ಹಾಕಲ್ಲಪ್ಪ. ನಿಮ್ಮಣ್ಣ ಮಣ್ಣು ತುಳ್ದು ಕಟ್ಟಿದ್ ಗೋಡೆ ಅದು."

ಗೋಡೆಗೆ ಬಿದಿರಿನ ಆಸರೆ ಕೊಟ್ಟು, ಯಾರೂ ಹತ್ತಿರ ಬರದಂತೆ ಹಗ್ಗ ಕಟ್ಟಿದೆ. ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋದರು. ಬೋಂಡದವಳು ರಸ್ತೆಯ ಆಚೆ ಹೋಗಿ, ಅಲ್ಲಿ ವ್ಯಾಪಾರವಾಗದೆ ಮತ್ತೆ ಗೋಡೆ ಪಕ್ಕಕ್ಕೇ ಬಂದಳು. ಅತ್ತಿಗೆಗೆ ಹೇಳಿ ಹೇಳಿ ನನಗೂ ಸಾಕಾಗಿತ್ತು.

ಕೊನೆಗೆ, ಸೈನ್ ಬೇಡ, ಬಂದು ನೋಡಿಯಾದರೂ ಹೋಗಿ ಎಂದು ಅತ್ತಿಗೆಯನ್ನು ಕರೆತಂದೆ. ಬಸ್ಸಿಳಿಯುವಾಗ ಮಳೆ ಹಿಡಿಯಿತು. ಬಸ್ಸಿಗೆ ಕಾದಿದ್ದ ಹೆಂಗಸರೆಲ್ಲ ನಮ್ಮ ಸೂರಿನ ಕೆಳಗೆ ನುಗ್ಗಿ, ಗೋಡೆಗೆ ಬೆನ್ನು ಕೊಟ್ಟು ಕೂತರು. ಹಿಂದೆ ರಾಗಿ ಬೀಸಿಸಲು ಬಂದವರೂ ಹಾಗೆಯೇ ಕೂರುತ್ತಿದ್ದರು.

ಅತ್ತಿಗೆ ಒಂದು ಗಳಿಗೆ ನೋಡಿದರು. ಆಮೇಲೆ ಕೊಡೆ ಬಿಸಾಕಿ ಓಡಿದರು.

"ಎದ್ದು ಬನ್ರಮ್ಮೋ! ಗೋಡೆ ಬೀಳ್ತೈತೆ!"

ಒಬ್ಬ ಮುದುಕಿಯ ರಟ್ಟೆ ಹಿಡಿದು ಎಳೆದೇಬಿಟ್ಟರು. ಮುದುಕಿ ತೆಲುಗಿನಲ್ಲಿ ಬೈದಳು. ಎಲ್ಲರೂ ನೆನೆಯುತ್ತಾ, ಗೊಣಗುತ್ತಾ ಆಚೆ ಬಂದರು. ಗೋಡೆ ಅವತ್ತು ಬೀಳಲಿಲ್ಲ.

ಅತ್ತಿಗೆ ಬಿಸಾಕಿದ್ದ ಕೊಡೆ ಎತ್ತಿಕೊಂಡರು. "ಎಲ್ಲಪ್ಪ ಸೈನ್ ಹಾಕ್ಬೇಕು?" ಎಂದರು.

ಕೆಡವಿದ ದಿನ ಅವರು ಬರಲಿಲ್ಲ. ಮುಗಿಯಿತು ಅಂದುಕೊಂಡೆ. ಮೊನ್ನೆ ಮತ್ತೆ ಆಫೀಸಿನಿಂದ ಫೋನು. ಖಾಲಿ ಸೈಟಿನಲ್ಲಿ ಗಿಡ ಬೆಳೆದು ಹಾವು ಸೇರಿಕೊಂಡಿದೆಯಂತೆ, ಮಾಲೀಕರೇ ಸವರಿಸಬೇಕಂತೆ. ಈ ಭಾನುವಾರ ಮಚ್ಚು ಹಿಡಿದು ಹೋಗಬೇಕು.